ಪರದೇಶಕ್ಕೆ ಹೊರಟವರ ಮನೆಯ ಬಂದೂಕು

ವಿದೇಶದಲ್ಲಿ ನೆಲೆಸಿರುವ ಮಕ್ಕಳ ಬಳಿಗೆ ಶಾಶ್ವತವಾಗಿ ಹೊರಡುವ ಹಿರಿಯ ವ್ಯಾಪಾರಸ್ಥರು ಲೆಕ್ಕಪರಿಶೋಧಕನ ಬಳಿ ಬಂದಾಗ ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿರುತ್ತದೆ. ಮೊದಲು ಮನೆ, ಆಮೇಲೆ ಅಂಗಡಿ, ಅನಂತರ ಬ್ಯಾಂಕಿನ ಠೇವಣಿ, ಪಾಲುದಾರಿಕೆಯಲ್ಲಿರುವ ಬಂಡವಾಳ, ಇಲ್ಲಿನ ಖಾತೆಯನ್ನು ಅನಿವಾಸಿ ಖಾತೆಯಾಗಿ ಬದಲಿಸುವ ಬಗೆ. ಇವೆಲ್ಲ ಮುಗಿದು, ಕಾಗದಪತ್ರಗಳನ್ನು ಚೀಲಕ್ಕೆ ತುಂಬಿ ಎದ್ದು ನಿಂತ ಮೇಲೆ ಕೆಲವರು ಕೊನೆಯದೊಂದು ಮಾತು ತೆಗೆಯುತ್ತಾರೆ: "ಸಾಹೇಬ್ರ, ಮನ್ಯಾಗ ಒಂದು ಬಂದೂಕ ಐತಿ. ಅದನ್ನೇನ್ ಮಾಡೂದು?"

ವಾಸ್ತವದಲ್ಲಿ ಇದು ಮೊದಲು ಕೇಳಬೇಕಾದ ಪ್ರಶ್ನೆ. ಮನೆಯನ್ನು ವಿದೇಶಕ್ಕೆ ಹೋದ ಮೇಲೂ ಮುಖತ್ಯಾರಪತ್ರದ ಮೂಲಕ ಮಾರಬಹುದು. ಠೇವಣಿಯನ್ನು ಮುಂದಿನ ವರ್ಷ ಮುರಿಸಬಹುದು. ಬಂದೂಕಿನ ವಿಷಯದಲ್ಲಿ ಮಾತ್ರ ವಿಮಾನ ಹತ್ತುವ ಮುನ್ನವೇ ನಿರ್ಣಯವಾಗಿ, ಅದರ ರಸೀದಿ ಕೈಯಲ್ಲಿರಬೇಕು. ಏಕೆಂದರೆ ಬಂದೂಕು ಮಾಲೀಕನದೇ ಆದರೂ ಅದನ್ನು ಇಟ್ಟುಕೊಳ್ಳುವ ಹಕ್ಕು ಸರ್ಕಾರವು ಆ ಒಬ್ಬ ವ್ಯಕ್ತಿಗೆ ಮಾತ್ರ ನೀಡಿದ ಅನುಮತಿ. ಅದನ್ನು ಮುಖತ್ಯಾರಪತ್ರ ಬರೆದು ಇನ್ನೊಬ್ಬರಿಗೆ ಕೊಡಲಾಗದು.

ಉಣಕಲ್ಲಿಗೂ ನವನಗರಕ್ಕೂ ನಡುವೆ ಇರುವ ಬೈರಿದೇವರಕೊಪ್ಪದಲ್ಲಿ ಈ ವಿಷಯ ಚರ್ಚೆಗೆ ಬರುವುದಕ್ಕೆ ಕಾರಣವಿದೆ. ಹೆದ್ದಾರಿಯ ಮಗ್ಗುಲಿಗೆ ಇಂದು ಅಂಗಡಿ, ಗೋದಾಮು, ಕಾರ್ಯಾಗಾರಗಳು ಸಾಲಾಗಿ ನಿಂತಿದ್ದರೂ ಇದು ಮೂಲತಃ ಎರೆಹೊಲಗಳ ಊರು. ಹೊಲವಿದ್ದ ಮನೆತನಗಳು ಹಂದಿಯ ಹಾವಳಿಗೆಂದು ಬೆಳೆರಕ್ಷಣೆಯ ಪರವಾನಗಿ ಪಡೆದಿದ್ದವು. ಸಮೀಪದ ಅಮರಗೋಳದ ಮಾರುಕಟ್ಟೆ ಪ್ರಾಂಗಣದಲ್ಲಿ ದಲ್ಲಾಳಿ ಅಂಗಡಿ ಇಟ್ಟವರು ನಗದು ಒಯ್ಯುವ ಭಯಕ್ಕೆ ಆತ್ಮರಕ್ಷಣೆಯ ಪರವಾನಗಿ ಪಡೆದರು. ಈಗ ಹಣವು ಫೋನಿನ ಮೂಲಕ ಹೋಗುತ್ತದೆ, ಹೊಲ ನಿವೇಶನವಾಗಿದೆ. ಜೋಡುನಳಿಕೆಯ ಹನ್ನೆರಡು ಬೋರಿನ ಬಂದೂಕು ಮಾತ್ರ ಕಪಾಟಿನಲ್ಲಿ ಉಳಿದಿದೆ. ದಸರೆಯ ಆಯುಧಪೂಜೆಗೆ ಹೊರಬರುತ್ತದೆ, ಚುನಾವಣೆ ಘೋಷಣೆಯಾದಾಗ ಠಾಣೆಗೆ ಹೋಗಿ ಬರುತ್ತದೆ. ಅದಕ್ಕೆ ಅದಕ್ಕಿಂತ ಹೆಚ್ಚಿನ ಉದ್ಯೋಗವಿಲ್ಲ.

ನನ್ನ ಕಕ್ಷಿದಾರರೊಬ್ಬರ ಉದಾಹರಣೆ ಹೇಳುತ್ತೇನೆ. ಎಪ್ಪತ್ತು ದಾಟಿದವರು, ಹಾರ್ಡ್‌ವೇರ್ ವ್ಯಾಪಾರ. ಅಮೆರಿಕದಲ್ಲಿರುವ ಮಗ ಖಾಯಂ ವಾಸದ ವೀಸಾ ಮಾಡಿಸಿದ್ದ. ಹೊರಡಲು ಮೂರು ವಾರ ಉಳಿದಿತ್ತು. ಅವರ ಯೋಜನೆ ಸರಳವಾಗಿತ್ತು: ಬಂದೂಕನ್ನು ತಿಜೋರಿಯಲ್ಲಿಟ್ಟು ಮನೆಗೆ ಬೀಗ ಹಾಕುವುದು, ಕೀಲಿಕೈಯನ್ನು ತಮ್ಮನ ಮಗನಿಗೆ ಕೊಡುವುದು. ಹುಡುಗ ನಂಬಿಗಸ್ಥ, ಅದರಲ್ಲಿ ಸಂಶಯವಿಲ್ಲ. ಆದರೆ ಕಾಯ್ದೆಯ ದೃಷ್ಟಿಯಲ್ಲಿ ತಿಜೋರಿಯ ಕೀಲಿಕೈ ಯಾರ ಬಳಿ ಇದೆಯೋ ಬಂದೂಕು ಅವರ ಸ್ವಾಧೀನದಲ್ಲಿದೆ ಎನ್ನಲು ಪೂರ್ಣ ಅವಕಾಶವಿದೆ. ದೊಡ್ಡಪ್ಪ ಪರದೇಶದಲ್ಲಿ, ಪರವಾನಗಿಯ ಅವಧಿ ಮುಗಿದಿದೆ, ಹುಡುಗನ ಹೆಸರಿನಲ್ಲಿ ಪರವಾನಗಿಯೇ ಇಲ್ಲ. ಮನೆಗೆ ಕಳ್ಳ ನುಗ್ಗಿ ಬಂದೂಕು ಒಯ್ದರೆ ದೂರು ಕೊಡಲು ಠಾಣೆಗೆ ಹೋದವನೇ ಆರೋಪಿಯಾಗುವ ಸ್ಥಿತಿ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡವರಿಗೆ ಶಸ್ತ್ರಾಸ್ತ್ರ ಕಾಯ್ದೆಯ 25ನೆಯ ಕಲಮಿನಲ್ಲಿದ್ದ ಕನಿಷ್ಠ ಒಂದು ವರ್ಷದ ಸೆರೆವಾಸವನ್ನು 2019ರ ತಿದ್ದುಪಡಿಯು ಎರಡು ವರ್ಷಕ್ಕೆ, ಗರಿಷ್ಠ ಮೂರು ವರ್ಷವನ್ನು ಐದು ವರ್ಷಕ್ಕೆ ಏರಿಸಿದೆ. ಅದಕ್ಕಿಂತ ಕಡಿಮೆ ಶಿಕ್ಷೆ ಕೊಡಬೇಕಾದರೆ ನ್ಯಾಯಾಲಯ ವಿಶೇಷ ಕಾರಣಗಳನ್ನು ಬರೆದಿಡಬೇಕು. ಇಪ್ಪತ್ತೆರಡರ ಹುಡುಗನ ನೌಕರಿ, ಪಾಸ್‌ಪೋರ್ಟು, ಮದುವೆ ಎಲ್ಲವೂ ಆ ಕೀಲಿಕೈಗೆ ಜೋತು ಬಿದ್ದಿದ್ದವು.

ಕಾಯ್ದೆ ಏನನ್ನುತ್ತದೆ

1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಅದರ 3ನೆಯ ಕಲಮು ಬಂದೂಕು ಹೊಂದಲು ಪರವಾನಗಿ ಬೇಕೆನ್ನುತ್ತದೆ. 10ನೆಯ ಕಲಮು ದೇಶದೊಳಗೆ ಬಂದೂಕು ತರುವುದಕ್ಕೂ ದೇಶದಿಂದ ಹೊರಗೆ ಒಯ್ಯುವುದಕ್ಕೂ ಬೇರೆ ಪರವಾನಗಿ ಬೇಕೆನ್ನುತ್ತದೆ. ಆದರೆ ಅದಕ್ಕೊಂದು ಪರಂತುಕವಿದೆ: ಕಾಯ್ದೆಬದ್ಧವಾಗಿ ಬಂದೂಕು ಹೊಂದಲು ಅರ್ಹನಾದವನು ಸ್ವಂತ ಉಪಯೋಗಕ್ಕಾಗಿ ಸಮಂಜಸ ಪ್ರಮಾಣದಲ್ಲಿ ಬಂದೂಕು, ಮದ್ದುಗುಂಡುಗಳನ್ನು ಆ ಪ್ರತ್ಯೇಕ ಪರವಾನಗಿ ಇಲ್ಲದೆಯೇ ತರಬಹುದು, ಒಯ್ಯಬಹುದು. ಈ ಪರಂತುಕವನ್ನು ಅರ್ಧ ಓದಿದವರು "ಲೈಸೆನ್ಸ್ ಐತಲ್ಲ, ಮತ್ತೇನು" ಎಂದು ನೆಮ್ಮದಿ ತಾಳುತ್ತಾರೆ. ಉಳಿದರ್ಧವನ್ನೂ ಓದಬೇಕು. ಪ್ರಮಾಣ ಸಮಂಜಸವೇ ಎಂಬ ಪ್ರಶ್ನೆ ಎದ್ದರೆ ಕೇಂದ್ರ ಸರ್ಕಾರದ ಆದೇಶ ಬರುವವರೆಗೂ ಸರಕನ್ನು ತಡೆಹಿಡಿಯುವ ಅಧಿಕಾರ ಕಸ್ಟಮ್ಸ್ ಅಧಿಕಾರಿಗಿದೆ. ಮೇಲಾಗಿ ಶಸ್ತ್ರಾಸ್ತ್ರ ಕಾಯ್ದೆಯು ಒಂದು ಬಾಗಿಲು ಮಾತ್ರ. ಕಸ್ಟಮ್ಸ್ ಕಾಯ್ದೆ ಎರಡನೆಯದು, ವಿದೇಶ ವ್ಯಾಪಾರ ನೀತಿ ಮೂರನೆಯದು, ವಿಮಾನ ಸಂಸ್ಥೆಯ ನಿಯಮ ನಾಲ್ಕನೆಯದು, ಎದುರಿನ ದೇಶದ ಕಾನೂನು ಐದನೆಯದು. ಒಂದು ತೆರೆದರೆ ಉಳಿದವು ತಾವಾಗಿ ತೆರೆಯುವುದಿಲ್ಲ.

ಇದೇ 10ನೆಯ ಕಲಮಿನಲ್ಲಿ ನಮ್ಮ ಭಾಗದವರಿಗೆ ಕುತೂಹಲ ಹುಟ್ಟಿಸುವ ಒಂದು ಉಪಕಲಮಿದೆ. ಭಾರತದ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಹೋಗುವಾಗ ನಡುವೆ ಭಾರತಕ್ಕೆ ಸೇರದ ನೆಲವನ್ನು ಹಾಯ್ದರೆ, ಬಂದೂಕನ್ನು ದೇಶದಿಂದ ಹೊರಗೊಯ್ದು ಮತ್ತೆ ಒಳತಂದಂತೆ ಎಂದು ಅದು ಹೇಳುತ್ತದೆ. ಇಂದು ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ 1959ರಲ್ಲಿ ಈ ಕಾಯ್ದೆ ಅಂಗೀಕಾರವಾದಾಗ ಗೋವೆಯು ಪೋರ್ಚುಗೀಸರ ಕೈಯಲ್ಲಿತ್ತು. ಹುಬ್ಬಳ್ಳಿಯಿಂದ ಲೋಂಡಾ ಮಾರ್ಗವಾಗಿ ಮುರ್ಮಗೋವೆಗೆ ಸರಕು ಕಳಿಸುತ್ತಿದ್ದ ನಮ್ಮ ಹಿಂದಿನ ತಲೆಮಾರಿನ ವ್ಯಾಪಾರಸ್ಥರಿಗೆ ಕ್ಯಾಸಲ್ ರಾಕ್ ಎಂದರೆ ಕಾಡಿನ ರೈಲು ನಿಲ್ದಾಣವಷ್ಟೇ ಅಲ್ಲ, ಪರದೇಶದ ಗಡಿಯ ಸುಂಕದ ಕಟ್ಟೆ. ಕಾರವಾರದಿಂದ ಸಾವಂತವಾಡಿಗೆ ನೇರ ದಾರಿ ಹಿಡಿದರೆ ಎರಡು ಸಲ ಅಂತರರಾಷ್ಟ್ರೀಯ ಗಡಿ ದಾಟಬೇಕಾಗಿತ್ತು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡಿತು. ಕಾಯ್ದೆ ಜಾರಿಗೆ ಬರುವಷ್ಟರಲ್ಲಿ ಆ ಗಡಿಯೇ ಇರಲಿಲ್ಲ. ಉಪಕಲಮು ಮಾತ್ರ ಪುಸ್ತಕದಲ್ಲಿ ಉಳಿದುಕೊಂಡಿತು. ನೇಪಾಳದ ನೆಲವನ್ನು ಹಾಯ್ದು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವವನಿಗೆ ಅದು ಈಗಲೂ ಅನ್ವಯಿಸುತ್ತದೆ.

ಇಲ್ಲಿಯೇ ಬಿಟ್ಟು ಹೋಗುವ ದಾರಿಗಳು

ಬಂದೂಕನ್ನು ಜೊತೆಗೆ ಒಯ್ಯುವ ವಿಚಾರಕ್ಕಿಂತ ಮೊದಲು ಅದನ್ನು ಇಲ್ಲಿಯೇ ಸರಿಯಾದ ಕೈಗೆ ಒಪ್ಪಿಸುವ ವಿಚಾರ ಮಾಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಇದೇ ಯುಕ್ತವಾದದ್ದು.

ವಾರಸುದಾರರಲ್ಲಿ ಯಾರಾದರೂ ಇಲ್ಲಿಯೇ ಉಳಿಯುವವರಿದ್ದರೆ ಅತ್ಯುತ್ತಮ. ಪರವಾನಗಿದಾರನು ತೀರಿಕೊಂಡ ಮೇಲಷ್ಟೇ ಬಂದೂಕು ಮಕ್ಕಳಿಗೆ ಬರುತ್ತದೆ ಎಂಬ ತಿಳಿವಳಿಕೆ ಬಹಳ ಜನರಲ್ಲಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಪರವಾನಗಿದಾರನಿಗೆ ಎಪ್ಪತ್ತು ವರ್ಷ ತುಂಬಿದಾಗ ಅಥವಾ ಆ ಬಂದೂಕನ್ನು ಇಪ್ಪತ್ತೈದು ವರ್ಷ ಹೊಂದಿದಾಗ, ಯಾವುದು ಮೊದಲೋ ಆಗ, ತಾನು ಸೂಚಿಸಿದ ಕಾನೂನುಬದ್ಧ ವಾರಸುದಾರನಿಗೆ ಪರವಾನಗಿ ನೀಡುವಂತೆ ಕೋರಬಹುದು. ಮಗಳೂ ವಾರಸುದಾರಳೇ ಎಂಬುದನ್ನು ನಮ್ಮ ಹಿರಿಯರಿಗೆ ನೆನಪಿಸಬೇಕಾಗುತ್ತದೆ. ಪರಿಶೀಲನೆ, ಪೊಲೀಸ್ ವರದಿ ಎಲ್ಲವೂ ಹೊಸ ಅರ್ಜಿಯಂತೆಯೇ ನಡೆಯುತ್ತವೆ, ಆದ್ದರಿಂದ ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಬೇಕು. ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಪರವಾನಗಿ ಪ್ರಾಧಿಕಾರ ಪೊಲೀಸ್ ಆಯುಕ್ತರು, ಉಳಿದೆಡೆ ಜಿಲ್ಲಾ ದಂಡಾಧಿಕಾರಿಗಳು. ಬೈರಿದೇವರಕೊಪ್ಪದವರಿಗೆ ಆಯುಕ್ತರ ಕಚೇರಿ ಪಕ್ಕದ ನವನಗರದಲ್ಲಿಯೇ ಇರುವುದರಿಂದ ಅಲೆದಾಟದ ನೆಪವೂ ಇಲ್ಲ. ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿ ಮೂರರಿಂದ ಎರಡಕ್ಕೆ ಇಳಿಸಿದೆ, ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಈ ಮಿತಿಯೇ. ಆದ್ದರಿಂದ ಈಗಾಗಲೇ ಎರಡು ಇರುವ ಮಗನ ಹೆಸರು ಸೂಚಿಸಿ ಪ್ರಯೋಜನವಿಲ್ಲ.

ಮಾರಾಟ ಎರಡನೆಯ ದಾರಿ. ಪರವಾನಗಿ ಪಡೆದ ಬಂದೂಕು ವ್ಯಾಪಾರಿಗೆ ಮಾರಬಹುದು. ಪರವಾನಗಿ ಇರುವ ಇನ್ನೊಬ್ಬ ಖಾಸಗಿ ವ್ಯಕ್ತಿಗೂ ಮಾರಬಹುದು. ಆದರೆ ಖಾಸಗಿ ಮಾರಾಟಕ್ಕೆ 5ನೆಯ ಕಲಮಿನ ಷರತ್ತಿದೆ: ಕೊಳ್ಳುವವನ ಹೆಸರು ವಿಳಾಸಗಳನ್ನು ನಮೂದಿಸಿ ಜಿಲ್ಲಾ ದಂಡಾಧಿಕಾರಿಗೆ ಅಥವಾ ಸಮೀಪದ ಠಾಣಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು, ತಿಳಿಸಿ ನಲವತ್ತೈದು ದಿನ ಕಳೆಯಬೇಕು. ಮೂರು ವಾರದಲ್ಲಿ ವಿಮಾನ ಹತ್ತುವವನಿಗೆ ಈ ದಾರಿ ಆಗಲೇ ಮುಚ್ಚಿರುತ್ತದೆ.

ಉಳಿದದ್ದು ಠೇವಣಿ. 21ನೆಯ ಕಲಮಿನ ಪ್ರಕಾರ, ಪರವಾನಗಿಯ ಅವಧಿ ಮುಗಿದು ಅಥವಾ ಇನ್ನಾವ ಕಾರಣದಿಂದ ಬಂದೂಕಿನ ಸ್ವಾಧೀನ ಕಾನೂನುಬದ್ಧವಲ್ಲವಾದರೆ ಅದನ್ನು ಠಾಣೆಗೆ ಅಥವಾ ಪರವಾನಗಿದಾರ ವ್ಯಾಪಾರಿಗೆ ಒಪ್ಪಿಸಬೇಕು. ಅವಧಿ ಇರುವಾಗಲೇ ಸುರಕ್ಷಿತ ಪಾಲನೆಗೆಂದು ಒಪ್ಪಿಸುವುದು ಇನ್ನೂ ಲೇಸು. ವ್ಯಾಪಾರಿ ಬಾಡಿಗೆ ತೆಗೆದುಕೊಳ್ಳುತ್ತಾನೆ, ಕೊಡಬೇಕು. ರಸೀದಿಯಲ್ಲಿ ಬಂದೂಕಿನ ತಯಾರಿಕಾ ಸಂಖ್ಯೆ, ಬೋರು, ಕಾಡತೂಸುಗಳ ಎಣಿಕೆ ಇವೆಲ್ಲ ಪರವಾನಗಿ ಪುಸ್ತಕದೊಂದಿಗೆ ಅಕ್ಷರಶಃ ತಾಳೆಯಾಗಬೇಕು. ನಾವು ದಾಸ್ತಾನು ಪರಿಶೀಲಿಸುವಂತೆ ಇಲ್ಲಿಯೂ ಒಂದೊಂದು ಅಂಕಿಯನ್ನು ಬೆರಳಿಟ್ಟು ನೋಡಬೇಕು. 1980ರ ದಶಕದಲ್ಲಿ ಕೊಂಡ ಕಾಡತೂಸು ಇಪ್ಪತ್ತೈದು, ಪುಸ್ತಕದಲ್ಲಿ ಇಪ್ಪತ್ತೈದು, ಡಬ್ಬಿಯಲ್ಲಿ ಇಪ್ಪತ್ಮೂರು ಎಂದಾದರೆ ಉಳಿದೆರಡು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಇಲ್ಲಿರುವಾಗಲೇ ಹುಡುಕುವುದು ಸುಲಭ. ಪರವಾನಗಿಯ ಅವಧಿ ಈಗ ಐದು ವರ್ಷ. ಅದು ಮುಗಿಯುವ ದಿನಾಂಕವನ್ನು ವಿದೇಶದಲ್ಲಿರುವ ಮಗನ ಫೋನಿನಲ್ಲಿ ನಮೂದಿಸಿಡಬೇಕು.

ನಮ್ಮ ಕಕ್ಷಿದಾರರು ಪ್ರಯಾಣದ ದಿನಾಂಕ ಮುಂದೂಡಲಿಲ್ಲ, ಬಂದೂಕನ್ನು ವ್ಯಾಪಾರಿಯ ಪಾಲನೆಗೆ ಒಪ್ಪಿಸಿ ಮಗಳ ಹೆಸರಿಗೆ ಅರ್ಜಿ ಸಲ್ಲಿಸಿದರು. ಹುಡುಗನ ಕೈಗೆ ಮನೆಯ ಕೀಲಿಕೈ ಬಂತು, ತಿಜೋರಿ ಬರಿದಾಗಿತ್ತು.

ಹಳೆಯ ವಾಡೆಗಳಲ್ಲಿ ಗೋಡೆಗೆ ತೂಗುಹಾಕಿದ ತೋಡೆದಾರ ಬಂದೂಕು, ಮದ್ದು ಜಡಿಯುವ ನಳಿಕೆ ಇರುವವರಿಗೆ ಒಂದು ಪ್ರತ್ಯೇಕ ಮಾತು. ಪುರಾತನ ಮಾದರಿಯ, ದುರಸ್ತಿ ಮಾಡಿದರೂ ಬಂದೂಕಾಗಿ ಬಳಸಲು ಬಾರದ ಆಯುಧಗಳನ್ನು ಶಸ್ತ್ರಾಸ್ತ್ರ ಕಾಯ್ದೆಯ 45ನೆಯ ಕಲಮು ಹೊರಗಿಡುತ್ತದೆ. ಹಾಗಾದರೆ ಮಗನ ಮನೆಯ ಗೋಡೆಗೆ ಒಯ್ಯಬಹುದಲ್ಲ ಎಂದು ಹಿಗ್ಗುವಂತಿಲ್ಲ. ನೂರು ವರ್ಷ ಮೀರಿದ ವಸ್ತುವಾದರೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಎದುರು ನಿಲ್ಲುತ್ತದೆ. ಪ್ರಾಚ್ಯವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ 1857ರಲ್ಲಿ ಹಲಗಲಿಯ ಬೇಡರು ತಿರುಗಿಬಿದ್ದ ಸೀಮೆ ನಮ್ಮದು. ಇಲ್ಲಿ ಅಂಥ ಬಂದೂಕು ಉಳಿದಿದ್ದರೆ ಅದು ಇಲ್ಲಿಯೇ ಇರಲಿ ಎಂಬುದಕ್ಕೆ ನನ್ನ ಸಹಮತವೂ ಇದೆ.

ಜೊತೆಗೆ ಒಯ್ಯಲೇಬೇಕೆಂದರೆ

ಎದುರಿನ ದೇಶ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬ್ರಿಟನ್ನಿನ ಮುಖ್ಯ ಭೂಭಾಗದಲ್ಲಿ 1997ರ ಕಾಯ್ದೆಗಳ ತರುವಾಯ ಖಾಸಗಿಯವರಿಗೆ ಕೈಬಂದೂಕು ಬಹುಮಟ್ಟಿಗೆ ನಿಷಿದ್ಧ. ಕೆನಡಾ 2022ರ ಅಕ್ಟೋಬರ್ 21ರಿಂದ ಕೈಬಂದೂಕುಗಳ ಖರೀದಿ, ಮಾರಾಟ, ವರ್ಗಾವಣೆಗಳನ್ನು ಸ್ಥಗಿತಗೊಳಿಸಿತು, ಮರುವರ್ಷ ಅದನ್ನು ಕಾಯ್ದೆಯಲ್ಲಿಯೇ ಸೇರಿಸಿತು. ಅಲ್ಲಿಗೆ .32 ರಿವಾಲ್ವರ್ ಒಯ್ಯುವ ಯೋಚನೆಯನ್ನು ಇಲ್ಲಿಯೇ ಕೈಬಿಡುವುದು ಕ್ಷೇಮ. ಆಸ್ಟ್ರೇಲಿಯಾ 1996ರಿಂದ ಬಂದೂಕು ಕಾನೂನನ್ನು ಬಹಳ ಬಿಗಿಗೊಳಿಸಿದೆ. ಅಲ್ಲಿ ಆಮದಿಗೆ ಮುನ್ನ ಆ ರಾಜ್ಯದ ಪೊಲೀಸರ ಅನುಮೋದನೆ ಬೇಕು. ಕೊಲ್ಲಿ ರಾಷ್ಟ್ರಗಳಿಗೆ ನೌಕರಿಗೆ ಹೋಗುವವರು ಇದರ ಮಾತೇ ಎತ್ತಬಾರದು.

ಅಮೆರಿಕದಲ್ಲಿ ಬಂದೂಕು ಯಾರು ಬೇಕಾದರೂ ಒಯ್ಯಬಹುದು ಎಂಬ ಭಾವನೆ ನಮ್ಮವರಲ್ಲಿದೆ. ಇದು ತಪ್ಪು. ಅಲ್ಲಿನ ಒಕ್ಕೂಟ ಕಾಯ್ದೆಯು ಪ್ರವಾಸಿ, ವಿದ್ಯಾರ್ಥಿ, ತಾತ್ಕಾಲಿಕ ಉದ್ಯೋಗದ ವೀಸಾ ಮೇಲೆ ಇರುವ ವಿದೇಶಿಯರು ಬಂದೂಕು ಅಥವಾ ಮದ್ದುಗುಂಡು ಹೊಂದುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಮೊದಲಾದ ಕೆಲವು ಅಪವಾದಗಳಿವೆ. ಬೆಂಗಳೂರಿನ ಕಂಪನಿಯಿಂದ ಎಚ್-1ಬಿ ಮೇಲೆ ಹೋದ ಎಂಜಿನಿಯರ್ ಹುಡುಗರಿಗೂ, ಮೊಮ್ಮಕ್ಕಳನ್ನು ನೋಡಲು ಆರು ತಿಂಗಳಿಗೆ ಹೋಗುವ ಅಜ್ಜನಿಗೂ ಈ ನಿಷೇಧ ಅನ್ವಯಿಸುತ್ತದೆ. ಖಾಯಂ ವಾಸದ ಹಕ್ಕು ಪಡೆದವರಿಗೆ ಈ ತೊಡಕಿಲ್ಲ, ಆದರೆ ಹೊರಗಿನಿಂದ ಬಂದೂಕು ತರಲು ಅಲ್ಲಿನ ಮದ್ಯ, ತಂಬಾಕು, ಬಂದೂಕು ಮತ್ತು ಸ್ಫೋಟಕಗಳ ಬ್ಯೂರೋ ಮುಂಗಡವಾಗಿ ಅನುಮತಿ ಕೊಡಬೇಕು. ಅದಾದ ಮೇಲೆ ನೆಲೆಸುವ ರಾಜ್ಯದ ಕಾನೂನು ಬೇರೆ. ಹಳೆಯ ಜೋಡುನಳಿಕೆ ಬಂದೂಕೊಂದರ ಮಾರುಕಟ್ಟೆ ಬೆಲೆಯನ್ನೂ ಇಷ್ಟು ಅನುಮತಿ, ಸಾಗಣೆಗಳ ಖರ್ಚನ್ನೂ ಎದುರುಬದುರು ಬರೆದು ನೋಡಿದರೆ ವ್ಯಾಪಾರಸ್ಥನಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತಂದೆಯ ನೆನಪು ಎಂಬ ಮೌಲ್ಯವನ್ನು ನಾನು ಲೆಕ್ಕದಲ್ಲಿ ತೆಗೆದುಕೊಂಡಿಲ್ಲ. ಅದನ್ನು ಅವರವರೇ ಕಟ್ಟಿಕೊಳ್ಳಬೇಕು.

ಕೊಡಗಿನವರ ವಿಷಯವನ್ನು ಇಲ್ಲಿ ಹೇಳಬೇಕು, ಏಕೆಂದರೆ "ಅವರಿಗೆ ಲೈಸೆನ್ಸೇ ಬೇಡ" ಎಂಬ ಮಾತು ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳ ಮಟ್ಟಿಗೆ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. ಬ್ರಿಟಿಷರ ಕಾಲದಿಂದ ಬಂದ ಈ ರಿಯಾಯತಿ ಸ್ವಾತಂತ್ರ್ಯಾನಂತರ 1966ರ ಅಧಿಸೂಚನೆಯಿಂದ ಮುಂದುವರಿಯಿತು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಅದರಲ್ಲಿಯೂ ಮಿತಿಗಳಿವೆ. ಜಿಲ್ಲೆಯ ಹೊರಗೆ ಇರುವಾಗ ಒಂದು ರೈಫಲ್ ಮತ್ತು 100 ಗುಂಡು, ಒಂದು ನಯನಳಿಕೆಯ ಬಂದೂಕು ಮತ್ತು 500 ಕಾಡತೂಸು ಮೀರುವಂತಿಲ್ಲ ಎಂದು 1966ರ ಅಧಿಸೂಚನೆಯೇ ಹೇಳಿತ್ತು. ಕೈಲ್ ಮುಹೂರ್ತದಂದು ಪೂಜೆಗೊಳ್ಳುವ ಕೋವಿಗೆ ಕೊಡಗಿನಲ್ಲಿರುವ ಗೌರವ ಟೊರೊಂಟೊದ ಸುಂಕದ ಅಧಿಕಾರಿಗೆ ತಿಳಿಯದು. ಭಾರತ ಸರ್ಕಾರದ ವಿನಾಯಿತಿ ಭಾರತದ ಎಲ್ಲೆಯಲ್ಲಿ ನಿಲ್ಲುತ್ತದೆ.

ಸಾಮಾನು ಸಾಗಿಸುವವರ ಹಡಗಿನ ಕಂಟೇನರಿನಲ್ಲಿ, ಹಾಸಿಗೆ ಪಾತ್ರೆಗಳ ನಡುವೆ ಬಂದೂಕನ್ನು ಸುತ್ತಿ ಇಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ಅವರನ್ನು ಬಾಗಿಲಲ್ಲೇ ನಿಲ್ಲಿಸಬೇಕು. 1962ರ ಕಸ್ಟಮ್ಸ್ ಕಾಯ್ದೆಯ 119ನೆಯ ಕಲಮಿನಂತೆ ಕಳ್ಳಸಾಗಣೆಯ ಸರಕನ್ನು ಮರೆಮಾಡಲು ಬಳಸಿದ ಸರಕೂ ಮುಟ್ಟುಗೋಲಿಗೆ ಗುರಿಯಾಗುತ್ತದೆ. ಅಂದರೆ ಬಂದೂಕಿನ ಜೊತೆಗೆ ಹಾಸಿಗೆಯೂ ಹೋಯಿತು.

ಮರಳಿ ಬರುವವರು

ಎದುರು ದಿಕ್ಕಿನ ಪ್ರಶ್ನೆ ಕಡಿಮೆ ಬರುತ್ತದೆ, ಆದರೆ ಬಂದಾಗ ಹೆಚ್ಚು ಗಂಭೀರವಾಗಿರುತ್ತದೆ. ಅಮೆರಿಕದಲ್ಲಿ ಹದಿನೈದು ವರ್ಷ ಇದ್ದು ಊರಿಗೆ ಮರಳಿ ಕಾರ್ಖಾನೆ ಹಾಕುವ ಮಗ ಅಲ್ಲಿ ಕೊಂಡ ಪಿಸ್ತೂಲನ್ನು ತರಬಹುದೇ?

ಮೊದಲು ಬೋರು ನೋಡಬೇಕು. ಅಲ್ಲಿ ಅತಿ ಸಾಮಾನ್ಯವಾದ 9 ಮಿ.ಮೀ. ಪಿಸ್ತೂಲು ಇಲ್ಲಿ ನಿಷೇಧಿತ ಬೋರು. ಸೈನ್ಯ, ಪೊಲೀಸರು ಬಳಸುವ ಬೋರುಗಳನ್ನು ಸಾರ್ವಜನಿಕರಿಗೆ ಕೊಡುವುದಿಲ್ಲ ಎಂಬುದು ನಮ್ಮಲ್ಲಿ ಹಳೆಯ ನೀತಿ. .303 ರೈಫಲಿನ ಬದಲಿಗೆ .315 ರೈಫಲ್, ಕೈಬಂದೂಕಿನಲ್ಲಿ .32 ರೂಢಿಗೆ ಬಂದದ್ದು ಈ ಕಾರಣದಿಂದಲೇ. ಅನುಮತಿಯ ಬೋರಾದರೂ ಬಂದೂಕಿನ ಆಮದು ಮೂಲತಃ ನಿರ್ಬಂಧಿತ. ವಾಸಸ್ಥಳ ಬದಲಿಸಿ ಭಾರತಕ್ಕೆ ಬರುವವರಿಗೆ ಕಸ್ಟಮ್ಸ್ ಇಲಾಖೆ ತನ್ನ ಪ್ರಯಾಣಿಕರ ಕೈಪಿಡಿಯಲ್ಲಿ ವಿವರಿಸಿದ ಅಪವಾದವು ಒಂದೇ ಒಂದು ಬಂದೂಕಿಗೆ ಸೀಮಿತವಾದದ್ದು. ವಿದೇಶದಲ್ಲಿ ಕನಿಷ್ಠ ಒಂದು ವರ್ಷ ಅದನ್ನು ಹೊಂದಿ ಬಳಸಿರಬೇಕು, ಭಾರತದ ಸ್ಥಳೀಯ ಪ್ರಾಧಿಕಾರದ ಪರವಾನಗಿ ಇರಬೇಕು, ಸುಂಕ ತೆರಬೇಕು, ತಂದ ಮೇಲೆ ಜೀವಮಾನವಿಡೀ ಅದನ್ನು ಮಾರಬಾರದು, ಎರವಲು ಕೊಡಬಾರದು, ಪರಭಾರೆ ಮಾಡಬಾರದು. ಕೊನೆಯ ಷರತ್ತಿನ ಹಿಂದಿನ ಕಾರಣ ವ್ಯಾಪಾರಸ್ಥರಿಗೆ ತಟ್ಟನೆ ಹೊಳೆಯುತ್ತದೆ. 1980ರ ದಶಕದಿಂದ ಆಮದು ಬಿಗಿಯಾದದ್ದರಿಂದ ವಿದೇಶಿ ತಯಾರಿಕೆಯ ಬಂದೂಕಿಗೆ ಇಲ್ಲಿ ಅಲ್ಲಿನ ಹಲವು ಪಟ್ಟು ಬೆಲೆ. ಬೆಲೆಯ ಅಂತರ ಇರುವೆಡೆ ದಲ್ಲಾಳಿ ಹುಟ್ಟುತ್ತಾನೆ.

ಸುಂಕದ ವಿಷಯದಲ್ಲಿ ಎಚ್ಚರ ಬೇಕು. 1998ರ ಬ್ಯಾಗೇಜ್ ನಿಯಮಗಳೂ 2016ರ ನಿಯಮಗಳೂ ಬಂದೂಕನ್ನು, ಐವತ್ತು ಮೀರಿದ ಕಾಡತೂಸನ್ನು ಸುಂಕರಹಿತ ಭತ್ಯೆಯಿಂದ ಹೊರಗಿಟ್ಟಿದ್ದವು. ಸುಂಕದ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಟಿಕೆಟು ಕೊಳ್ಳುವ ತಿಂಗಳಿನ ಅಧಿಸೂಚನೆಯನ್ನೇ ನೋಡಬೇಕು, ಹಿಂದಿನ ವರ್ಷ ಬಂದ ಗೆಳೆಯನ ಅನುಭವವನ್ನಲ್ಲ.

ಕ್ರಮವೇ ಇಲ್ಲಿ ಮುಖ್ಯ. ಪರವಾನಗಿ ಮೊದಲು, ಬಂದೂಕು ಆಮೇಲೆ. ಬಂದಿಳಿದ ಮೇಲೆ ಪರವಾನಗಿಗೆ ಅರ್ಜಿ ಹಾಕೋಣ ಎಂದವನ ಪಿಸ್ತೂಲು ವಿಮಾನ ನಿಲ್ದಾಣದ ಉಗ್ರಾಣದಲ್ಲಿ ಉಳಿಯುತ್ತದೆ, ಅವನು ವಕೀಲರ ಮನೆಯಲ್ಲಿ ಕೂರುತ್ತಾನೆ. ಯಾವುದೋ ತಪ್ಪು ತಿಳಿವಳಿಕೆಯಿಂದ ತಂದೇ ಬಿಟ್ಟರೆ ಕಸ್ಟಮ್ಸ್ ಕಾಯ್ದೆಯ 77ನೆಯ ಕಲಮಿನಂತೆ ಸತ್ಯವಾದ ಘೋಷಣೆ ಮಾಡುವುದೇ ಉಳಿದಿರುವ ರಕ್ಷೆ. ಹಾಗೆ ಘೋಷಿಸಿದ ನಿರ್ಬಂಧಿತ ವಸ್ತುವನ್ನು, ಪ್ರಯಾಣಿಕನ ಕೋರಿಕೆಯ ಮೇರೆಗೆ, ಅವನು ದೇಶ ಬಿಡುವಾಗ ಮರಳಿಸುವಂತೆ ಇಟ್ಟುಕೊಳ್ಳಲು 80ನೆಯ ಕಲಮಿನಲ್ಲಿ ಅವಕಾಶವಿದೆ. ಘೋಷಿಸದೆ ಹಸಿರು ದಾರಿಯಲ್ಲಿ ನಡೆದವನಿಗೆ ಅದು ದೊರೆಯುವುದಿಲ್ಲ. ಇನ್ನು ಅಮೆರಿಕದಿಂದ ಹೊರಡುವಾಗಲೂ ಅಲ್ಲಿನ ರಫ್ತು ನಿಯಮಗಳಿವೆ. 2020ರ ಮಾರ್ಚ್‌ನಲ್ಲಿ ಸಾಮಾನ್ಯ ಬಂದೂಕುಗಳ ರಫ್ತು ನಿಯಂತ್ರಣ ಅಲ್ಲಿನ ವಿದೇಶಾಂಗ ಇಲಾಖೆಯಿಂದ ವಾಣಿಜ್ಯ ಇಲಾಖೆಗೆ ವರ್ಗವಾಯಿತು. ನಾಗರಿಕರು ಮತ್ತು ಖಾಯಂ ನಿವಾಸಿಗಳು ಸ್ವಂತ ಉಪಯೋಗಕ್ಕೆ ಬಂದೂಕು ಒಯ್ಯಲು ಅಲ್ಲಿ ರಿಯಾಯತಿ ಇದೆ, ಆದರೆ ಹೊರಡುವ ಮುನ್ನ ಅಲ್ಲಿನ ಕಸ್ಟಮ್ಸ್‌ಗೆ ಘೋಷಿಸಲೇಬೇಕು.

ಚೀಲದಲ್ಲಿ ಉಳಿದ ಒಂದು ಕಾಡತೂಸು

ಬಂದೂಕನ್ನು ಸರಿಯಾಗಿ ಒಪ್ಪಿಸಿ ನಿಶ್ಚಿಂತನಾಗಿ ಹೊರಟವನೂ ಸಿಕ್ಕಿಬೀಳುವ ಸಂದರ್ಭವೊಂದಿದೆ. ಹಿಂದೆ ರಿವಾಲ್ವರ್ ಇಟ್ಟುಕೊಂಡು ಪೇಟೆಗೆ ಹೋಗುತ್ತಿದ್ದ ಚರ್ಮದ ಚೀಲ ಗಟ್ಟಿಯಾಗಿದೆಯೆಂದು ಅದನ್ನೇ ಪ್ರಯಾಣಕ್ಕೆ ತೆಗೆದುಕೊಳ್ಳುತ್ತಾರೆ. ಅಸ್ತರಿನ ಹೊಲಿಗೆ ಬಿಚ್ಚಿದ ಜಾಗದಲ್ಲಿ ಒಂದು ಜೀವಂತ ಕಾಡತೂಸು ಜಾರಿ ಕುಳಿತಿರುತ್ತದೆ. ವಿಮಾನ ನಿಲ್ದಾಣದ ಕ್ಷಕಿರಣ ಯಂತ್ರ ಅದನ್ನು ಕಾಣುತ್ತದೆ. ಪರವಾನಗಿ ಜೊತೆಗಿಲ್ಲದಿದ್ದರೆ ಪ್ರಕರಣ ದಾಖಲಾಗುತ್ತದೆ, ವಿಮಾನ ತಪ್ಪುತ್ತದೆ, ವೀಸಾಕ್ಕೂ ತೊಡಕಾಗಬಹುದು. ಸ್ವಾಧೀನವೆಂದರೆ ಅರಿವಿನಿಂದ ಕೂಡಿದ ಸ್ವಾಧೀನ ಎಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲಿ ಹೇಳಿತ್ತು, 1994ರಲ್ಲಿ ಸಂವಿಧಾನ ಪೀಠವೂ ಅದೇ ನಿಲುವು ತಳೆಯಿತು. ಈ ತತ್ತ್ವದ ಮೇಲೆ ದೆಹಲಿ ಹೈಕೋರ್ಟು ಪ್ರಯಾಣಿಕರ ಚೀಲದಲ್ಲಿ ಒಂಟಿ ಕಾಡತೂಸು ಸಿಕ್ಕ ಹಲವು ಪ್ರಕರಣಗಳನ್ನು ರದ್ದುಪಡಿಸಿದೆ. ಆದರೆ ಹೈಕೋರ್ಟಿನವರೆಗೆ ಹೋಗಿ ಬರುವ ಖರ್ಚಿನಲ್ಲಿ ಎಷ್ಟು ಹೊಸ ಚೀಲ ಬರುತ್ತಿದ್ದವು! ಬಂದೂಕಿನೊಂದಿಗೆ ಒಮ್ಮೆಯಾದರೂ ಇದ್ದ ಚೀಲ, ಕೋಟು, ಸೊಂಟಪಟ್ಟಿಗಳನ್ನು ಪ್ರಯಾಣಕ್ಕೆ ಒಯ್ಯಬಾರದು.

ಬಂದೂಕನ್ನೇ ವಿಮಾನದಲ್ಲಿ ಒಯ್ಯುವ ಅನುಮತಿ ದೊರೆತವರು ಅದನ್ನು ಕೈಚೀಲದಲ್ಲಿ ಇಡುವಂತಿಲ್ಲ. ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಘೋಷಿಸಿ ಒಪ್ಪಿಸಬೇಕು. ಮದ್ದುಗುಂಡು ಬೇರೆ ಕಟ್ಟಬೇಕು, ಅದಕ್ಕೆ ಅಂತರರಾಷ್ಟ್ರೀಯ ವಿಮಾನಯಾನ ನಿಯಮದಲ್ಲಿ ಒಬ್ಬರಿಗೆ ಒಟ್ಟು ತೂಕ 5 ಕಿಲೋ ಮಿತಿ, ಅದೂ ವಿಮಾನ ಸಂಸ್ಥೆಯ ಪೂರ್ವಾನುಮತಿಯ ಮೇರೆಗೆ. ಹುಬ್ಬಳ್ಳಿಯಿಂದ ಹೊರಟು ಬೆಂಗಳೂರಿನಲ್ಲೊಮ್ಮೆ, ಕೊಲ್ಲಿಯ ಯಾವುದೋ ನಗರದಲ್ಲೊಮ್ಮೆ ವಿಮಾನ ಬದಲಿಸುವವರು ನಡುವಿನ ಆ ದೇಶದ ಅನುಮತಿಯನ್ನೂ ಕೇಳಬೇಕೆಂಬುದನ್ನು ಮರೆಯುವುದು ಸಾಮಾನ್ಯ.

ಲೆಕ್ಕಪುಸ್ತಕದ ಮಾತು

ನನ್ನ ವೃತ್ತಿಗೆ ಸಂಬಂಧಿಸಿದ ಒಂದು ವಿಷಯ ಉಳಿದಿದೆ. ಹಳೆಯ ಪಾಲುದಾರಿಕೆ ಸಂಸ್ಥೆಗಳ ಆಸ್ತಿಪಟ್ಟಿಯಲ್ಲಿ ತಕ್ಕಡಿ, ತಿಜೋರಿಗಳ ಕೆಳಗೆ "ಬಂದೂಕು" ಎಂಬ ಒಂದು ಸಾಲು ಕಾಣಿಸುವುದುಂಟು. ಹಣ ಕೊಟ್ಟದ್ದು ಸಂಸ್ಥೆ, ಪರವಾನಗಿ ಇರುವುದು ಹಿರಿಯ ಪಾಲುದಾರನ ಹೆಸರಿನಲ್ಲಿ. ಆತ ನಿವೃತ್ತನಾಗಿ ವಿದೇಶಕ್ಕೆ ಹೊರಟಾಗ ಉಳಿದ ಪಾಲುದಾರರು "ಅದು ಅಂಗಡಿಯ ಆಸ್ತಿ, ಇಲ್ಲಿಯೇ ಇರಲಿ" ಎನ್ನುತ್ತಾರೆ. ಲೆಕ್ಕದಲ್ಲಿ ಆಸ್ತಿ ಅಂಗಡಿಯದಾಗಿರಬಹುದು, ಆದರೆ ಪರವಾನಗಿ ಇಲ್ಲದ ಪಾಲುದಾರ ಅದನ್ನು ಮುಟ್ಟುವಂತಿಲ್ಲ. ನಿವೃತ್ತಿ ಪತ್ರದಲ್ಲಿಯೇ ಅದರ ಬೆಲೆ ಕಟ್ಟಿ ಆ ಪಾಲುದಾರನ ಖಾತೆಗೆ ಖರ್ಚು ಹಾಕಿ, ಮುಂದಿನ ವಿಲೇವಾರಿ ಅವನದೆಂದು ಬರೆದುಕೊಳ್ಳುವುದು ಲೇಸು. ಸ್ವಂತ ಹೆಸರಿನಲ್ಲಿ, ಸ್ವಂತ ಹಣದಿಂದ ಕೊಂಡು ಸ್ವಂತಕ್ಕೆ ಬಳಸಿದ ಬಂದೂಕಾದರೆ ಅದು ವೈಯಕ್ತಿಕ ಬಳಕೆಯ ಚರಾಸ್ತಿ. ಮಾರಿದಾಗ ಸಾಮಾನ್ಯವಾಗಿ ಬಂಡವಾಳ ಲಾಭದ ತೆರಿಗೆಯ ಪ್ರಶ್ನೆ ಬರುವುದಿಲ್ಲ. ಅಂಗಡಿಯ ಲೆಕ್ಕದಲ್ಲಿದ್ದು ಸವಕಳಿ ಪಡೆದಿದ್ದರೆ ಬರುತ್ತದೆ.

ಮರಳಿ ಬಂದು ಹೊಸದನ್ನು ಕೊಂಡರಾಯಿತು ಎನ್ನುವವರಿಗೆ ಇಷ್ಟು ತಿಳಿದಿರಲಿ: 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್, ಪಿಸ್ತೂಲುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 40ಕ್ಕೆ ಏರಿದೆ. ವ್ಯಾಪಾರಿಯ ಪಾಲನೆಯಲ್ಲಿರುವ ಹಳೆಯದನ್ನು ಮಾರಿಬಿಡುವ ಪತ್ರಕ್ಕೆ ವಿದೇಶದಿಂದ ಸಹಿ ಹಾಕಿ ಕಳಿಸುವ ಮುನ್ನ ಈ ಅಂಕಿಯನ್ನು ಒಮ್ಮೆ ನೋಡಿಕೊಳ್ಳಬಹುದು.